ಮೂರನೇ ಸ್ನಾರ್ಕೆಲ್ ನೀರು ಕುಡಿಸಲಿಲ್ಲ

ನೇತ್ರಾಣಿ ದ್ವೀಪಕ್ಕೆ ಮೊದಲ ಸಲ ಹೋದಾಗ ನಾನು ಮೀನು ನೋಡಿದ್ದಕ್ಕಿಂತ ಉಪ್ಪುನೀರು ಕುಡಿದದ್ದೇ ಜಾಸ್ತಿ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್, ಒಂದೂವರೆ ಗಂಟೆ ದೋಣಿಯಲ್ಲಿ ಹೊಟ್ಟೆ ತೊಳಸಿಕೊಂಡು ಹೋಗಿ, ನೀರಿಗಿಳಿದ ಐದೇ ನಿಮಿಷಕ್ಕೆ ಕೆಮ್ಮುತ್ತಾ ಏಣಿ ಹಿಡಿದು ನೇತಾಡುತ್ತಿದ್ದೆ. ಸ್ನಾರ್ಕೆಲ್, ಅಂದ್ರೆ ಮುಖ ನೀರಲ್ಲಿಟ್ಟೇ ಉಸಿರಾಡಲು ಬಾಯಲ್ಲಿ ಕಚ್ಚಿಕೊಳ್ಳುವ ಕೊಳವೆ, ಜೊತೆಗೆ ಕಣ್ಣು ಮೂಗು ಮುಚ್ಚುವ ಮಾಸ್ಕ್, ಎಲ್ಲಾ ಸೇರಿ ಆನ್‌ಲೈನ್‌ನಲ್ಲಿ 450 ರೂಪಾಯಿಗೆ ಸಿಕ್ಕಿದ ಸೆಟ್ ಅದು. ಡಬ್ಬದ ಮೇಲೆ ಏನೇನೋ ದೊಡ್ಡ ಮಾತು ಬರೆದಿದ್ದರು. ದೋಣಿಯ ಹುಡುಗ "ಊದಿ ಸರ್, ಜೋರಾಗಿ ಊದಿ" ಅಂತ ಕೂಗುತ್ತಲೇ ಇದ್ದ. ಊದಬೇಕು ಅಂದ್ರೆ ಎದೆಯಲ್ಲಿ ಗಾಳಿ ಇರಬೇಕಲ್ವಾ!

ಮನೆಗೆ ಬಂದು ಅದನ್ನು ಬಿಚ್ಚಿ ನೋಡಿದೆ. ನಾನು ಅಷ್ಟೂ ಹೊತ್ತು ಮೇಲಿನ ತುದಿಯನ್ನೇ ಬೈಯುತ್ತಿದ್ದೆ, ಅಲೆ ಬಂದು ಅಲ್ಲಿಂದಲೇ ನೀರು ನುಗ್ಗುತ್ತಿದೆ ಅಂತ. ಅಸಲಿ ಕಳ್ಳ ಕೆಳಗಿದ್ದ. ಬಾಯಿಯ ಹತ್ತಿರ, ಕೊಳವೆಯ ಬುಡದಲ್ಲಿ ಒಂದು ಪರ್ಜ್ ವಾಲ್ವ್ ಇರುತ್ತದೆ, ಅಂದ್ರೆ ಎಂಟಾಣೆ ನಾಣ್ಯದಷ್ಟು ಅಗಲದ ತೆಳು ರಬ್ಬರ್ ಬಿಲ್ಲೆ. ಊದಿದಾಗ ತೆರೆದು ನೀರನ್ನು ಹೊರಗೆ ಬಿಡಬೇಕು, ಉಸಿರು ಎಳೆದಾಗ ಅಂಟಿಕೊಂಡು ಮುಚ್ಚಬೇಕು. ನನ್ನದರಲ್ಲಿ ಆ ಬಿಲ್ಲೆಯ ಅಂಚು ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಪ್ರತಿ ಉಸಿರಿಗೂ ಒಂದೊಂದು ಚಮಚ ನೀರು.

ಎರಡನೆಯದು ಪೂರ್ತಿ ಮುಖ ಮುಚ್ಚುವ ಮಾಸ್ಕ್. ಬಾಯಲ್ಲಿ ಏನೂ ಕಚ್ಚಬೇಕಿಲ್ಲ, ಮೂಗಿನಲ್ಲೇ ಉಸಿರಾಡಬಹುದು ಅಂತ ಆಸೆಗೆ ಬಿದ್ದೆ. ನೀರೇನೋ ಬರಲಿಲ್ಲ. ಆದ್ರೆ ಸ್ವಲ್ಪ ಜೋರಾಗಿ ಈಜಿದರೆ ಒಳಗೆ ಉಸಿರು ಸಾಲದ ಹಾಗೆ, ಸೆಕೆ ಸೆಕೆ. ಇಂಥವುಗಳಲ್ಲಿ ಒಳಗಿನ ವಾಲ್ವ್ ಸರಿ ಇಲ್ಲದಿದ್ದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೇವೆ. ಅಷ್ಟೇ ಅಲ್ಲ, ಗಾಬರಿಯಾದಾಗ ಸಾದಾ ಸ್ನಾರ್ಕೆಲ್ ಆದರೆ ಬಾಯಿಂದ ಉಗಿದರೆ ಮುಗೀತು, ಇದನ್ನು ತಲೆಯಿಂದಲೇ ಕಿತ್ತುಹಾಕಬೇಕು. ಅದು ಈಗ ಅಟ್ಟದ ಮೇಲಿದೆ.

ಮೂರನೆಯದು ಕ್ರೆಸ್ಸಿ ಕಂಪನಿಯ ಸೂಪರ್‌ನೋವಾ ಡ್ರೈ. 1946ರಿಂದ ಇರುವ ಇಟಲಿಯ ಕಂಪನಿ. ಮೊದಲನೆಯದರ ಐದಾರು ಪಟ್ಟು ಬೆಲೆ ಕೊಟ್ಟೆ, ಬೇಜಾರಿಲ್ಲ. ಇದು ಡ್ರೈ ಟಾಪ್ ಜಾತಿಯದು. ಮೇಲಿನ ತುದಿಯಲ್ಲಿ ಒಂದು ಪುಟ್ಟ ತೇಲು ಇದೆ, ತುದಿ ನೀರಿನಲ್ಲಿ ಮುಳುಗಿದ ಕೂಡಲೇ ಅದು ಎದ್ದು ಕೊಳವೆಯ ಬಾಯಿ ಮುಚ್ಚಿಬಿಡುತ್ತದೆ. ಬುಡದ ಬಿಲ್ಲೆ ಗಟ್ಟಿಯಾಗಿ ಕೂತಿದೆ. ಕಚ್ಚುವ ತುದಿ ಮೆತ್ತಗಿನ ಸಿಲಿಕೋನ್, ಒಂದು ಗಂಟೆ ಕಚ್ಚಿದರೂ ದವಡೆ ನೋಯಲಿಲ್ಲ.

ಡ್ರೈ ಟಾಪ್ ಜಾತಿಗೇ ಇರುವ ಒಂದು ವಿಷಯ ಗೊತ್ತಿರಲಿ. ತೇಲು ಮುಚ್ಚಿಕೊಂಡಾಗ ನೀರಿನ ಜೊತೆ ಗಾಳಿಯೂ ಬಂದ್. ಉಸಿರು ಎಳೆಯುತ್ತಿರುವಾಗಲೇ ಅಲೆ ಹೊಡೆದರೆ ಯಾರೋ ಕತ್ತು ಹಿಸುಕಿದ ಹಾಗಾಗುತ್ತದೆ. ತಲೆ ಸ್ವಲ್ಪ ಎತ್ತಿದರೆ ತಾನಾಗೇ ತೆರೆದುಕೊಳ್ಳುತ್ತದೆ, ಆದ್ರೆ ಇದು ಮೊದಲೇ ಗೊತ್ತಿಲ್ಲದವರು ಹೆದರಿ ಒದ್ದಾಡುತ್ತಾರೆ. ಸೆಮಿ ಡ್ರೈ ಅಂತ ಬರುವುದರಲ್ಲಿ ತೇಲು ಇಲ್ಲ, ಎರಚಲು ತಡೆಯುವ ಮುಚ್ಚಳ ಮಾತ್ರ. ಮುಳುಗಿದರೆ ನೀರು ತುಂಬುತ್ತದೆ. ಮುಳುಗಿ ಎದ್ದು ಅಭ್ಯಾಸ ಇರುವವರು ಅದನ್ನೇ, ಅಥವಾ ಏನೂ ಇಲ್ಲದ ಬೋಳು ಕೊಳವೆಯನ್ನೇ ಇಷ್ಟಪಡುತ್ತಾರೆ, ಯಾಕಂದ್ರೆ ಒಂದು ಸಲ 'ಟೂ' ಅಂತ ಊದಿದರೆ ಖಾಲಿ.

ಯಾವ ಕಂಪನಿಯದೇ ತಗೊಳ್ಳಿ, ಅಂಗಡಿಯಲ್ಲೇ ಇದೊಂದು ಮಾಡಿ. ಮೇಲಿನ ತೂತನ್ನು ಅಂಗೈಯಿಂದ ಒತ್ತಿ ಮುಚ್ಚಿ, ಕಚ್ಚುವ ತುದಿಯಿಂದ ಮೆಲ್ಲಗೆ ಗಾಳಿ ಎಳೆಯಿರಿ. ಏನೂ ಬರಬಾರದು, ನಾಲಿಗೆ ಒಳಕ್ಕೆ ಎಳೆದ ಹಾಗಾಗಬೇಕು. ಸುಯ್ ಅಂತ ಗಾಳಿ ಬಂತೋ, ಅಲ್ಲೇ ವಾಪಸ್ ಕೊಡಿ. (ಮೊದಲು ತುದಿ ಒರೆಸಿಕೊಳ್ಳಿ, ನಿಮಗಿಂತ ಮುಂಚೆ ಎಷ್ಟು ಜನ ಎಳೆದಿದ್ದಾರೋ.) ಕೊಳವೆ ಉದ್ದ ಇದ್ದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 35–40 ಸೆಂಟಿಮೀಟರ್ ದಾಟಿದರೆ ಹಳೆ ಉಸಿರು ಅದರೊಳಗೇ ಉಳಿಯುತ್ತದೆ.

ಬಳಸಿದ ಮೇಲೆ ಸಿಹಿನೀರಲ್ಲಿ ತೊಳೆಯಲೇಬೇಕು. ಉಪ್ಪು ಗಟ್ಟಿಯಾದರೆ ತೇಲು ಸಿಕ್ಕಿಕೊಳ್ಳುತ್ತದೆ, ಬುಡದ ಬಿಲ್ಲೆಯ ಕೆಳಗೆ ಒಂದೇ ಒಂದು ಮರಳಿನ ಕಣ ಕೂತರೂ ಎಷ್ಟು ದುಡ್ಡು ಕೊಟ್ಟಿದ್ದರೂ ಸೋರುತ್ತದೆ.

ಎರಡನೇ ಸಲ ನೇತ್ರಾಣಿಯಲ್ಲಿ ಮುಕ್ಕಾಲು ಗಂಟೆ ಮುಖ ಎತ್ತದೆ ತೇಲಿದೆ. ಗಿಳಿಮೀನುಗಳು ಬಂಡೆ ಕೆರೆಯುವ ಕರ್ ಕರ್ ಸದ್ದು ಕೂಡ ಕೇಳಿಸಿತು. ಆದ್ರೂ ಮೂಗಿಗೆ ಆಗಾಗ ನೀರು ಬರುತ್ತಿತ್ತು, ಮತ್ತೆ ಸ್ನಾರ್ಕೆಲ್‌ಗೇ ಬೈದೆ. ದೋಣಿಯ ಹುಡುಗ ನನ್ನ ಮುಖ ನೋಡಿ, "ಅದು ಮಾಸ್ಕ್ ಸರ್, ಮೀಸೆ ಸಂದಿಯಿಂದ ಬರ್ತಾ ಇದೆ" ಅಂದ. ಮಾರನೇ ದಿನ ಮೂಗಿನ ಕೆಳಗೆ ಒಂದು ಗೆರೆಯಷ್ಟು ಬೋಳಿಸಿಕೊಂಡೆ. ನೀರು ನಿಂತಿತು. ಹೆಂಡತಿಯ ನಗು ಮಾತ್ರ ಒಂದು ವಾರ ನಿಲ್ಲಲಿಲ್ಲ.