ವಿದ್ಯಾನಗರದಲ್ಲಿ ಎಲ್ಲಿರುವುದು, ಯಾರ ಜೊತೆ?

ಬದಿಯಡ್ಕದ ಆಚೆಯಿಂದ ವಿದ್ಯಾನಗರದಲ್ಲಿರುವ ಕಾಸರಗೋಡು ಸರಕಾರಿ ಕಾಲೇಜಿಗೆ ಸೇರುವವರ ಮನೆಗಳಲ್ಲಿ ಪ್ರತಿ ಜೂನ್‌ನಲ್ಲೂ ಇದೇ ಚರ್ಚೆ. ದಿನಾ ಓಡಾಡುವುದಾ, ಅಲ್ಲೇ ಎಲ್ಲಾದರೂ ಉಳಿಯುವುದಾ? ಡಿಗ್ರಿ ಮುಗಿಯುವಷ್ಟರಲ್ಲಿ ನಾನು ಎಲ್ಲವನ್ನೂ ನೋಡಿಯಾಯಿತು.

ಖರ್ಚು ಕಮ್ಮಿ ಅಂದರೆ ಮನೆಯಿಂದ ಬಸ್ಸೇ. ಕೇರಳದಲ್ಲಿ 2022ರಲ್ಲಿ ಮಿನಿಮಮ್ ಟಿಕೆಟ್ 10 ರೂಪಾಯಿ ಆದಾಗಲೂ ವಿದ್ಯಾರ್ಥಿಗಳದ್ದು 1 ರೂಪಾಯಿಯಲ್ಲೇ ಉಳಿಯಿತು. ಅದಕ್ಕೇ ಕನ್ಸೆಷನ್ ಕಾರ್ಡ್ ಕಂಡರೆ ಕಂಡಕ್ಟರ್ ಮುಖ ಗಂಟಿಕ್ಕುವುದು. ಮಳೆಗಾಲದಲ್ಲಿ ಎಡನೀರು, ಚೆರ್ಕಳ ದಾಟಿ ಇಳಿಯುವಾಗ ಅರ್ಧ ಒದ್ದೆ, ಮೊದಲ ಪೀರಿಯಡ್ ಖೋತಾ.

ದೊಡ್ಡಮ್ಮನ ಮನೆಯಲ್ಲಿ ಬಾಡಿಗೆ ಇಲ್ಲ, ಊಟ ಬಿಸಿಬಿಸಿ. ಆದರೆ ನಾನು ಬರುವವರೆಗೆ ದೊಡ್ಡಮ್ಮ ಉಣ್ಣುವುದಿಲ್ಲ. ಲೈಬ್ರರಿಯಲ್ಲಿ ಕೂತರೂ ಕಣ್ಣು ಗಡಿಯಾರದ ಮೇಲೆ. ಭಾನುವಾರ ಬಂದರೆ "ಹೇಗೂ ನಿನಗೆ ರಜೆ ಅಲ್ವಾ" ಅಂತ ಶುರು, ಒಂದು ಉಪನಯನ, ಒಂದು ಗೃಹಪ್ರವೇಶ. ನಾನು ತಡವಾಗಿ ಬಂದ ಸುದ್ದಿ ನಾನು ಕೈಕಾಲು ತೊಳೆಯುವ ಮೊದಲೇ ಅಮ್ಮನಿಗೆ ಮುಟ್ಟಿರುತ್ತಿತ್ತು.

ಊರ ಗೆಳೆಯರ ಜೊತೆ ಬಾಡಿಗೆ ಮನೆ ಮಾಡಿದ್ದು ಆಮೇಲೆ. ಖುಷಿಗೆ ಇದನ್ನು ಮೀರಿಸಿದ್ದಿಲ್ಲ. ಮಧ್ಯರಾತ್ರಿಯವರೆಗೆ ಹರಟೆ, ಪರೀಕ್ಷೆ ಹತ್ತಿರ ಬಂದರೂ ಹರಟೆ. ಶನಿವಾರ ಎಲ್ಲರೂ ಊರಿಗೆ ಓಟ. ಸೋಮವಾರ ಬಾಗಿಲು ತೆಗೆದರೆ ಕುಕ್ಕರಿನಲ್ಲಿ ಹುಳಿದ ಕುಚ್ಚಲಕ್ಕಿ ಅನ್ನ, ಮೇಲೆ ಬಿಳಿ ಬೂಸ್ಟು. ತೊಳೆಯುವವರು ಯಾರು ಅಂತ ಕೇಳುವ ಹಾಗಿಲ್ಲ, ಒಂದೇ ಶಾಲೆಯಲ್ಲಿ ಕಲಿತವರು ನೋಡಿ. ಗ್ಯಾಸ್ ದುಡ್ಡಿನದ್ದೂ ಅದೇ ಕಥೆ. "ನಮ್ಮೊಳಗೆ ಎಂತ ಲೆಕ್ಕ ಮಾರಾಯ" ಅಂತ ಹೇಳುವವನು ಯಾವಾಗಲೂ ಕೊಡಲಿಕ್ಕೆ ಇರುವವನೇ!

ಕೊನೆಗೆ ಪಯ್ಯನ್ನೂರು ಕಡೆಯ ಒಬ್ಬ, ಕಣ್ಣೂರಿನವನೊಬ್ಬ ಇದ್ದ ರೂಮಿಗೆ ಸೇರಿಕೊಂಡೆ. ಮುಖಪರಿಚಯವೂ ಇರಲಿಲ್ಲ. ಅಡುಗೆಮನೆಯ ಮೊಳೆಗೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿದ್ದರು. ಹಾಲು, ಗ್ಯಾಸ್, ಎರಡು ತಿಂಗಳಿಗೊಮ್ಮೆ ಬರುವ ಕರೆಂಟ್ ಬಿಲ್, ಯಾರು ಕೊಟ್ಟರೋ ಅವರ ಹೆಸರು. ಮೊದಮೊದಲು ಇದೆಂಥ ಜಿಪುಣತನ ಅನಿಸಿತು. ಆದರೆ ತಿಂಗಳ ಕೊನೆಗೆ ಲೆಕ್ಕ ಚುಕ್ತಾ, ಮುನಿಸಿಗೆ ಜಾಗವೇ ಇಲ್ಲ. ನಾನು ಸಸ್ಯಾಹಾರಿ. ಮೀನು ಹುರಿಯುವ ಕಾವಲಿ ಬೇರೆ, ದೋಸೆಯದ್ದು ಬೇರೆ ಇರಲಿ ಅಂತ ಬಂದ ದಿನವೇ ಹೇಳಿದೆ. ಆಯಿತು ಅಂದರು, ಅಲ್ಲಿಗೆ ಮುಗಿಯಿತು. ಊರ ಗೆಳೆಯರ ಹತ್ತಿರ ಇದನ್ನು ಹೇಳಲಿಕ್ಕೇ ದಾಕ್ಷಿಣ್ಯ ಆಗುತ್ತಿತ್ತು. ಹೇಳಿದ್ದರೂ "ಭಾರೀ ಮಡಿ ನಿನ್ನದು" ಅಂತ ನಗುತ್ತಿದ್ದರು, ಅಷ್ಟೆ.

ಇನ್ನೊಂದು ಲಾಭ ನಾನು ಎಣಿಸಿರಲೇ ಇಲ್ಲ. ಕನ್ನಡ ಮೀಡಿಯಂನಲ್ಲಿ ಓದಿದ ನನಗೆ ಮಲಯಾಳ ಮಾತಾಡಲು ಕಷ್ಟವಿಲ್ಲ, ಓದಲು ಬರುತ್ತಿರಲಿಲ್ಲ. ಬಸ್ಸಿನ ಬೋರ್ಡಿಗೂ ವಿಲೇಜ್ ಆಫೀಸಿನ ಫಾರ್ಮಿಗೂ ಇನ್ನೊಬ್ಬರ ಮುಖ ನೋಡಬೇಕು. ಆ ಲೆಕ್ಕದ ಪುಸ್ತಕ ಪೂರ್ತಿ ಮಲಯಾಳದಲ್ಲೇ ಇತ್ತು. ದುಡ್ಡಿನ ವಿಷಯ ಅಲ್ವಾ, ಅಕ್ಷರ ಬೇಗ ತಲೆಗೆ ಹತ್ತಿತು.

ಬೆಚ್ಚಗಿನ ಮಾತು ಅಲ್ಲಿ ಜಾಸ್ತಿ ಸಿಗುವುದಿಲ್ಲ, ನಿಜ. ಜ್ವರ ಬಂದಾಗ ನಾನು ಗಂಜಿಗೆ ದೊಡ್ಡಮ್ಮನ ಮನೆಗೇ ಹೋದದ್ದು. ಆದರೂ ಓದಬೇಕು ಅನ್ನುವವರಿಗೆ ನನ್ನ ಓಟು ಗೊತ್ತಿಲ್ಲದ ಹುಡುಗರಿಗೆ. ಮೊದಲ ವರ್ಷ ಬೇಕಾದರೆ ಬಸ್ಸಿನಲ್ಲಿ ಓಡಾಡಿ, ಕ್ಲಾಸಿನಲ್ಲಿ ಯಾರು ಹೇಗೆ ಅಂತ ನೋಡಿಕೊಂಡು ಎರಡನೇ ವರ್ಷಕ್ಕೆ ರೂಮು ಹುಡುಕಿ. ಗೆಳೆಯರ ಮನೆಗೆ ಶುಕ್ರವಾರ ರಾತ್ರಿ ಹೋದರಾಯಿತು.

ರೂಮು ನೋಡಲು ಜೂನ್‌ನಲ್ಲಿ ಹೋದರೆ ಎಲ್ಲಾ ಬಾವಿಯೂ ತುಂಬಿಯೇ ಇರುತ್ತದೆ. ಏಪ್ರಿಲ್‌ನಲ್ಲಿ ನೀರು ಎಷ್ಟಿರುತ್ತದೆ ಅಂತ ಓನರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.