ಪೊಲಾರಿಸ್ ರೇಂಜರ್ ಎಕ್ಸ್‌ಪಿ ಕೈನೆಟಿಕ್: ಟೆಕ್ಸಾಸ್‌ನ ಕಲ್ಲು ಜಮೀನಿನಲ್ಲಿ ಓಡಿಸಿದವನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಜಮೀನಿನೊಳಗೇ ಕೆಲಸ ಮಾಡುವವರಿಗೆ, ರಾತ್ರಿ ಗಾಡಿಯನ್ನು ಮನೆ ಹತ್ತಿರವೇ ನಿಲ್ಲಿಸುವವರಿಗೆ ಈ ಎಲೆಕ್ಟ್ರಿಕ್ ಯುಟಿವಿ (ಜಮೀನಿನಲ್ಲಿ ಸಾಮಾನು ಸಾಗಿಸುವ ನಾಲ್ಕು ಚಕ್ರದ ಸಣ್ಣ ಗಾಡಿ) ತುಂಬಾ ಚೆನ್ನಾಗಿ ಹೊಂದುತ್ತದೆ. ವಾರಾಂತ್ಯಕ್ಕೆ ಕಾಡು ದಾರಿಯಲ್ಲಿ ನೂರಾರು ಮೈಲಿ ಸುತ್ತುವವರು ಪೆಟ್ರೋಲ್ ಗಾಡಿಯನ್ನೇ ತೆಗೆದುಕೊಳ್ಳಿ. ಎರಡು ಬೇಸಿಗೆ, ಎರಡು ಚಳಿಗಾಲ ದಾಟಿದ ಮೇಲೂ ನನ್ನ ಈ ಮಾತು ಬದಲಾಗಿಲ್ಲ.

ನಮ್ಮ ಜಮೀನು ಇರುವುದು ಆಸ್ಟಿನ್‌ನ ಪಶ್ಚಿಮಕ್ಕೆ, ಹಿಲ್ ಕಂಟ್ರಿಯಲ್ಲಿ. ಸುಣ್ಣಕಲ್ಲಿನ ಗುಡ್ಡ, ಇಲ್ಲಿಯವರು ಸೀಡರ್ ಅನ್ನುವ ಜೂನಿಪರ್ ಪೊದೆ, ಜೋರು ಮಳೆ ಬಂದಾಗ ಮಾತ್ರ ಹರಿಯುವ ಹಳ್ಳ. ಮೇಕೆ ಸಾಕಿದ್ದೇವೆ, ಒಂದಷ್ಟು ಜೇನು ಪೆಟ್ಟಿಗೆ ಇವೆ. ಗಾಡಿಗೆ ದಿನವೂ ಒಂದೇ ಥರದ ಕೆಲಸ: ಮೇವಿನ ಮೂಟೆ, ಹುಲ್ಲಿನ ಕಟ್ಟು, ಬೇಲಿ ಕಂಬ, ತಂತಿ, ಕಡಿದ ಸೀಡರ್ ಕೊಂಬೆ ಸಾಗಿಸುವುದು. ಜಾಸ್ತಿ ದೂರ ಇಲ್ಲ, ಆದರೆ ದಾರಿ ಅನ್ನುವಂಥದ್ದೂ ಇಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಪೊಲಾರಿಸ್ ಕಂಪನಿ ಎಲೆಕ್ಟ್ರಿಕ್ ಬೈಕ್ ಮಾಡುವ ಝೀರೋ ಮೋಟರ್‌ಸೈಕಲ್ಸ್ ಜೊತೆ 2020ರಲ್ಲಿ ಕೈಜೋಡಿಸಿತು. ಅದರಿಂದ ಬಂದ ಮೊದಲ ಗಾಡಿ ಇದು. 2021ರ ಡಿಸೆಂಬರ್‌ನಲ್ಲಿ ತೋರಿಸಿದರು. 110 ಹಾರ್ಸ್‌ಪವರ್, ಲಿಥಿಯಂ ಬ್ಯಾಟರಿ, 2,500 ಪೌಂಡ್ ಎಳೆಯುವ ತಾಕತ್ತು, ಅಂದರೆ ಸುಮಾರು 1,130 ಕೆಜಿ. ಎರಡು ಮಾದರಿ ಇದ್ದವು. ಪ್ರೀಮಿಯಂನಲ್ಲಿ 14.9 ಕಿಲೋವ್ಯಾಟ್ ಅವರ್ ಬ್ಯಾಟರಿ, 45 ಮೈಲಿವರೆಗೆ ಓಡುತ್ತದೆ ಅಂತ ಕಂಪನಿ ಲೆಕ್ಕ. ಅಲ್ಟಿಮೇಟ್‌ನಲ್ಲಿ ಅದರ ಎರಡು ಪಟ್ಟು ಬ್ಯಾಟರಿ, 80 ಮೈಲಿ. ಬಿಡುಗಡೆಯ ಹೊತ್ತಿಗೆ ಬೆಲೆ 24,999 ಮತ್ತು 29,999 ಡಾಲರ್. ನಮ್ಮದು ಪ್ರೀಮಿಯಂ.

110 ಹಾರ್ಸ್‌ಪವರ್ ಅಂದ ತಕ್ಷಣ ಎಲ್ಲರೂ ವೇಗದ ಬಗ್ಗೆ ಕೇಳುತ್ತಾರೆ. ನನಗೆ ಈ ಗಾಡಿ ಇಷ್ಟವಾಗಿದ್ದು ಅದು ನಿಧಾನಕ್ಕೆ ಹೋಗುವ ರೀತಿಗೆ. ನಮ್ಮ ಹಿಂದಿನ ಗುಡ್ಡದಲ್ಲಿ ಮೊಣಕಾಲೆತ್ತರದ ಕಲ್ಲಿನ ಅಂಚೊಂದಿದೆ. ಅದನ್ನು ಹತ್ತದೆ ಮೇಲಿನ ನೀರಿನ ತೊಟ್ಟಿಗೆ ಹೋಗಲಾಗುವುದಿಲ್ಲ. ಪಕ್ಕದ ಜಮೀನಿನವರ ಪೆಟ್ರೋಲ್ ಯುಟಿವಿಯಲ್ಲಿ ಅಲ್ಲಿಗೆ ಹೋಗುವಾಗ ಎಂಜಿನ್ ಮೊದಲು ಕೂಗುತ್ತದೆ, ಒಳಗಿನ ರಬ್ಬರ್ ಬೆಲ್ಟ್ ಒಂದು ಕ್ಷಣ ಜಾರುತ್ತದೆ, ಆಮೇಲೆ ಹಿಡಿದು ಗಾಡಿ ಚಿಮ್ಮುತ್ತದೆ. ಹಿಂದೆ ಇಟ್ಟ ಸಾಮಾನೆಲ್ಲ ಎಗರುತ್ತದೆ. ಕೈನೆಟಿಕ್‌ನಲ್ಲಿ ಬೆಲ್ಟೂ ಇಲ್ಲ, ಕ್ಲಚ್ಚೂ ಇಲ್ಲ. ಮುಂದಿನ ಟೈರ್ ಅಂಚಿಗೆ ತಾಗಿದಾಗ ಪೆಡಲ್ ಸ್ವಲ್ಪವೇ ಒತ್ತಿದರೆ ಸಾಕು. ಟೈರ್ ಕಲ್ಲನ್ನು ಕಚ್ಚಿ ಇಂಚಿಂಚಾಗಿ ಮೇಲೇರುತ್ತದೆ. ಬೇಕಾದರೆ ಅಲ್ಲೇ ಅಂಚಿನ ಮೇಲೆ ನಿಲ್ಲಿಸಿ, ಕೆಳಗೆ ನೋಡಿ, ಮತ್ತೆ ಹೊರಡಬಹುದು. ಜೇನು ಪೆಟ್ಟಿಗೆ ಸಾಗಿಸುವಾಗ ಇದರ ಬೆಲೆ ಏನು ಅಂತ ಗೊತ್ತಾಗುತ್ತದೆ.

ಇಳಿಜಾರಿನಲ್ಲೂ ಅಷ್ಟೇ. ಪೆಡಲ್ ಬಿಟ್ಟರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ, ಸ್ವಲ್ಪ ಕರೆಂಟ್ ವಾಪಸ್ ಬ್ಯಾಟರಿಗೆ ಹೋಗುತ್ತದೆ. ಒಂದು ಎಚ್ಚರಿಕೆ. ಬ್ಯಾಟರಿ ಪೂರ್ತಿ ತುಂಬಿರುವಾಗ ವಾಪಸ್ ಬರುವ ಕರೆಂಟ್‌ಗೆ ಜಾಗ ಇರುವುದಿಲ್ಲ. ಯಾವ ಎಲೆಕ್ಟ್ರಿಕ್ ಗಾಡಿಯಲ್ಲೂ ಆಗ ಈ ಹಿಡಿತ ಕಡಿಮೆಯಾಗಬಹುದು. ಮನೆ ಗುಡ್ಡದ ಮೇಲಿದ್ದು ಬೆಳಿಗ್ಗೆ ಮೊದಲೇ ಕೆಳಗಿಳಿಯಬೇಕಾದವರು ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಹೋಗಿ.

ಸದ್ದಿಲ್ಲದ್ದು ಬರೀ ಸುಖಕ್ಕಲ್ಲ, ಕೆಲಸಕ್ಕೂ ಬರುತ್ತದೆ. ಇಲ್ಲಿ ಮೆಸ್ಕಿಟ್ ಮುಳ್ಳು ಜಾಸ್ತಿ, ಬಳ್ಳಾರಿ ಕಡೆಯ ಜಾಲಿ ಮುಳ್ಳಿನ ಜಾತಿಯದೇ. ಒಂದು ಸಂಜೆ ಬೇಲಿ ಪಕ್ಕ ಹೋಗುತ್ತಿದ್ದಾಗ ಹಿಂದಿನ ಚಕ್ರದಿಂದ ಸಣ್ಣಗೆ ಸುಸ್ ಅನ್ನುವ ಸದ್ದು ಕೇಳಿಸಿತು. ಇಳಿದು ನೋಡಿದರೆ ಎರಡು ಇಂಚಿನ ಮುಳ್ಳು. ಗಾಳಿ ಪೂರ್ತಿ ಇಳಿಯುವ ಮೊದಲೇ ಪಂಕ್ಚರ್ ಕಿಟ್‌ನಿಂದ ಪ್ಲಗ್ ಹಾಕಿದೆ. ಎಂಜಿನ್ ಸದ್ದಿದ್ದರೆ ಅದು ಕೇಳುತ್ತಲೇ ಇರಲಿಲ್ಲ. ಮೇಕೆಗಳೂ ಗಾಬರಿಯಾಗುವುದಿಲ್ಲ, ಮರಿ ಹಾಕುವ ಕಾಲದಲ್ಲಿ ಹತ್ತಿರ ಹೋಗಿ ನೋಡಿಕೊಂಡು ಬರಬಹುದು. ಆದರೆ ಮಕ್ಕಳಿರುವ ಮನೆಯಲ್ಲಿ ಹುಷಾರು. ಗಾಡಿ ಹಿಂದಿನಿಂದ ಬಂದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಮನೆ ಅಂಗಳದಲ್ಲಿ ಹಾರ್ನ್ ಇಲ್ಲದೆ ಹೊರಡಬಾರದು ಅಂತ ನಾವು ನಿಯಮವನ್ನೇ ಮಾಡಿಕೊಂಡಿದ್ದೇವೆ.

ಇನ್ನು ರೇಂಜ್, ಅಂದರೆ ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ. ಖಾಲಿ ಗಾಡಿಯಲ್ಲಿ, ಸಮತಟ್ಟು ನೆಲದಲ್ಲಿ, ಮೆಲ್ಲಗೆ ಓಡಿಸಿದರೆ ಕಂಪನಿ ಹೇಳಿದ ದೂರದ ಹತ್ತಿರ ಬರುತ್ತದೆ. ತುಂಬಿದ ಟ್ರೈಲರ್ ಕಟ್ಟಿಕೊಂಡು ಗುಡ್ಡ ಹತ್ತಿದರೆ ಅರ್ಧಕ್ಕೆ ಇಳಿಯುತ್ತದೆ. ಚಳಿಗಾಲದಲ್ಲಿ ಇನ್ನೂ ಸ್ವಲ್ಪ ಕಡಿಮೆ. ಇದು ಭೌತಶಾಸ್ತ್ರ, ಯಾವ ಬ್ರ್ಯಾಂಡ್ ತಂದರೂ ಹೀಗೇ. ನಮ್ಮ ಜಮೀನಿನಲ್ಲಿ ಇಡೀ ದಿನ ಓಡಾಡಿದರೂ ಹತ್ತು ಮೈಲಿ ದಾಟುವುದು ಅಪರೂಪ. ಅದಕ್ಕೇ ದೊಡ್ಡ ಬ್ಯಾಟರಿ ಬೇಡ ಅಂದುಕೊಂಡೆವು. ಹಾಗೆ ಉಳಿದ ಐದು ಸಾವಿರ ಡಾಲರ್‌ನಲ್ಲಿ ಒಂದು ಪಾಲು ಶೆಡ್ಡಿಗೆ 240 ವೋಲ್ಟ್ ಲೈನ್ ಎಳೆಸುವುದಕ್ಕೆ ಹೋಯಿತು. ಕೊಳ್ಳುವವರಿಗೆ ನಾನು ಕೊಡುವ ಸಲಹೆಯೂ ಅದೇ: ಬ್ಯಾಟರಿ ಎಷ್ಟು ದೊಡ್ಡದು ಅಂತ ಕೇಳುವ ಮೊದಲು ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಯಾವ ಕರೆಂಟ್ ಇದೆ ಅಂತ ನೋಡಿ.

ಯಾಕೆಂದರೆ ವ್ಯತ್ಯಾಸ ದೊಡ್ಡದು. ಅಮೆರಿಕದ ಮಾಮೂಲಿ 120 ವೋಲ್ಟ್ ಪ್ಲಗ್‌ನಲ್ಲಿ ಖಾಲಿ ಬ್ಯಾಟರಿ ತುಂಬಲು ಹತ್ತು ಗಂಟೆಗಿಂತ ಹೆಚ್ಚು ಬೇಕು. 240 ವೋಲ್ಟ್‌ನಲ್ಲಿ ಐದು ಗಂಟೆ ಸಾಕು. ಬೆಳಿಗ್ಗೆ ಕೆಲಸ ಮುಗಿಸಿ, ಊಟ ಮಾಡಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಸಂಜೆಗೆ ಬೇಕಾದಷ್ಟು ತುಂಬಿರುತ್ತದೆ. ಕನೆಕ್ಟರ್ ಎಲೆಕ್ಟ್ರಿಕ್ ಕಾರುಗಳ ಹಳೆಯ ಜೆ1772 ಮಾದರಿಯದು. ಮನೆಯಲ್ಲಿ ಕಾರಿಗೆ ಆ ಚಾರ್ಜರ್ ಇದ್ದರೆ ಅದೇ ನಡೆಯುತ್ತದೆ. ಹೈವೇ ಪಕ್ಕದ ಡಿಸಿ ಫಾಸ್ಟ್ ಚಾರ್ಜರ್ ಇದಕ್ಕೆ ಆಗುವುದಿಲ್ಲ. ಲೈನ್ ಎಳೆಸುವಾಗ ತಂತಿಗಿಂತ ಟ್ರೆಂಚ್ ತೋಡಿದ್ದಕ್ಕೆ ಜಾಸ್ತಿ ದುಡ್ಡಾಯಿತು. ಒಂದಡಿ ಕೆಳಗೆ ಬರೀ ಬಂಡೆ. ಶೆಡ್ಡು ಮನೆಯ ಮೀಟರಿಗೆ ಹತ್ತಿರ ಇದ್ದಷ್ಟೂ ಒಳ್ಳೆಯದು.

ಕರೆಂಟ್ ಖರ್ಚು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ನಮ್ಮಲ್ಲಿ ಯೂನಿಟ್ಟಿಗೆ ಸುಮಾರು 12-13 ಸೆಂಟ್. ಖಾಲಿಯಿಂದ ಪೂರ್ತಿ ತುಂಬಿದರೂ ಎರಡು ಡಾಲರ್ ಆಸುಪಾಸು. ಎಂಜಿನ್ ಆಯಿಲ್ ಬದಲಿಸುವುದಿಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ. ಗ್ರೀಸ್, ಟೈರ್, ಬ್ರೇಕ್, ಗೇರ್‌ಕೇಸ್ ಆಯಿಲ್ ಮಾತ್ರ ಮರೆಯಬಾರದು. ಬಹಳ ಜನ ಕೇಳುವ ಇನ್ನೊಂದು ವಿಷಯ: ಎಲೆಕ್ಟ್ರಿಕ್ ಕಾರಿಗೆ ಇದ್ದ 7,500 ಡಾಲರ್ ತೆರಿಗೆ ರಿಯಾಯಿತಿ ಯುಟಿವಿಗೆ ಸಿಗುತ್ತಿರಲಿಲ್ಲ. ಅದು ರಸ್ತೆ ಮೇಲೆ ಓಡುವ ವಾಹನಗಳಿಗೆ ಮಾತ್ರ. ಸಿಗುತ್ತದೆ ಅಂತ ಲೆಕ್ಕ ಹಾಕಿಕೊಂಡು ಬಂದವರನ್ನು ನೋಡಿದ್ದೇನೆ.

ಬೇಸರ ತಂದದ್ದು ಸರ್ವಿಸ್. ಹಳ್ಳದಲ್ಲಿ ಇಳಿಯುವಾಗ ಗಾಡಿಯ ಹೊಟ್ಟೆ ಬಂಡೆಗೆ ಬಡಿದು ಕೆಳಗಿನ ಪ್ಲೇಟ್ ನಗ್ಗಿತು. ಬ್ಯಾಟರಿಗೆ ಏನಾದರೂ ಆಗಿದೆಯಾ ಅಂತ ನೋಡಿಸೋಣ ಅಂದರೆ, ನಾವು ಹೋದ ಅಂಗಡಿಯಲ್ಲಿ ಹೈವೋಲ್ಟೇಜ್ ಕೆಲಸ ಕಲಿತ ಮೆಕ್ಯಾನಿಕ್ ಒಬ್ಬರೇ. ಅವರು ರಜೆಯಲ್ಲಿದ್ದರು. ವಾರಗಟ್ಟಲೆ ಗಾಡಿ ಅಲ್ಲೇ ನಿಂತಿತ್ತು, ನಾವು ಮೂಟೆ ಹೊತ್ತೆವು. ಕೊನೆಗೆ ಬ್ಯಾಟರಿಗೆ ಏನೂ ಆಗಿರಲಿಲ್ಲ. ಪೆಟ್ರೋಲ್ ಗಾಡಿಯಾದರೆ ಊರಿನ ಯಾವ ಗ್ಯಾರೇಜಿನವರೂ ಮುಟ್ಟುತ್ತಾರೆ, ಇದನ್ನು ಮುಟ್ಟುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯವರನ್ನು ನೇರವಾಗಿ ಕೇಳಿ: ಇದನ್ನು ಬಿಚ್ಚಿ ರಿಪೇರಿ ಮಾಡಲು ನಿಮ್ಮಲ್ಲಿ ಎಷ್ಟು ಜನ ಕಲಿತಿದ್ದಾರೆ? ಒಬ್ಬರೇ ಅಂದರೆ ಇನ್ನೊಂದು ಅಂಗಡಿ ನೋಡಿ.

ಬೇರೆ ಆಯ್ಕೆಗಳನ್ನೂ ನೋಡಿದ್ದೆ. ಜಾನ್ ಡಿಯರ್ ಗೇಟರ್ ಟಿಇ ಲೆಡ್ ಆ್ಯಸಿಡ್ ಬ್ಯಾಟರಿಯದು, ಗಂಟೆಗೆ 15 ಮೈಲಿ ವೇಗ. ಕ್ಯಾಂಪಸ್, ಸಮತಟ್ಟು ತೋಟಕ್ಕೆ ಸರಿ, ನಮ್ಮ ಗುಡ್ಡಕ್ಕೆ ಸಾಲದು. ಪೊಲಾರಿಸ್‌ನದೇ ಹಳೆಯ ಎಲೆಕ್ಟ್ರಿಕ್ ಗಾಡಿ ರೇಂಜರ್ ಇವಿ ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದೂ ಲೆಡ್ ಆ್ಯಸಿಡ್, 30 ಹಾರ್ಸ್‌ಪವರ್. ಅದರ ಬ್ಯಾಟರಿ ಸೆಟ್ ಹೊಸದು ಹಾಕಿಸುವ ಖರ್ಚನ್ನು ಬೆಲೆಗೆ ಸೇರಿಸಿಯೇ ಚೌಕಾಸಿ ಮಾಡಿ.

ಮೂಡಿಗೆರೆ ಕಡೆ ತೋಟ ನೋಡಿಕೊಳ್ಳುವ ಅಣ್ಣ, ವಿಡಿಯೋ ಕಾಲ್‌ನಲ್ಲಿ ಇದನ್ನು ನೋಡಿದಾಗಿನಿಂದ "ನಮ್ಮ ತೋಟಕ್ಕೆ ಆಗುತ್ತೇನೋ?" ಅಂತ ಕೇಳುತ್ತಲೇ ಇದ್ದಾನೆ. ದೂರದ ಮಟ್ಟಿಗೆ ಧಾರಾಳವಾಗಿ ಸಾಕು. ಕಾಫಿ ಮೂಟೆ, ಗೊಬ್ಬರ ಸಾಗಿಸುವುದಕ್ಕೆ, ಇಳಿಜಾರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅವನಿಗೆ ಮೂರು ಮಾತು ಹೇಳಿದೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರಿನಲ್ಲಿ ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ. ತೋಟದ ಎರಡು ಭಾಗದ ನಡುವೆ ಸರ್ಕಾರಿ ರಸ್ತೆ ಇದೆ, ನಂಬರ್ ಪ್ಲೇಟ್ ಇಲ್ಲದ ಗಾಡಿಯನ್ನು ಅಲ್ಲಿ ಓಡಿಸುವಂತಿಲ್ಲ. ಮೂರನೆಯದು ಆನೆ. ಜೀಪಿನ ಸದ್ದು ದೂರದಿಂದಲೇ ಕೇಳಿದರೆ ಆನೆಗೂ ನಮಗೂ ದಾರಿ ಬಿಡಲು ಸಮಯ ಸಿಗುತ್ತದೆ. ಸದ್ದಿಲ್ಲದೆ ತಿರುವಿನಲ್ಲಿ ಎದುರಾದರೆ? ಸಕಲೇಶಪುರ, ಆಲೂರು, ಮೂಡಿಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸದ್ಯ ಅವನು ಜೀಪನ್ನೇ ಇಟ್ಟುಕೊಂಡಿದ್ದಾನೆ, ನಾನೂ ಅದೇ ಸರಿ ಅಂದೆ.

ಇಲ್ಲಿ ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಕೈನೆಟಿಕ್ ನೋಡುತ್ತಿರುವವರು, ಅಂಗಳದಲ್ಲಿ ಒಂದು ಸುತ್ತು ಹಾಕಿ ಒಪ್ಪಿಕೊಳ್ಳಬೇಡಿ. ಪೂರ್ತಿ ಚಾರ್ಜ್ ಮಾಡಿಸಿ, ಭಾರ ಹೇರಿ, ಒಂದು ಗುಡ್ಡ ಹತ್ತಿಸಿ ಇಳಿಸಿ, ಎಷ್ಟು ಪರ್ಸೆಂಟ್ ಇಳಿಯಿತು ನೋಡಿ. ಗಾಡಿ ಕೆಳಗೆ ಬಗ್ಗಿ ಪ್ಲೇಟ್ ನಗ್ಗಿದೆಯಾ ನೋಡಿ. ಬ್ಯಾಟರಿ ವಾರಂಟಿ ಎಷ್ಟು ಉಳಿದಿದೆ, ನಿಮ್ಮ ಹೆಸರಿಗೆ ವರ್ಗವಾಗುತ್ತದಾ ಅಂತ ಬರಹದಲ್ಲೇ ತೆಗೆದುಕೊಳ್ಳಿ. ಚಾರ್ಜಿಂಗ್ ಕೇಬಲ್ ಜೊತೆಗೆ ಬರುತ್ತದಾ ಅಂತಲೂ ಕೇಳಿ.