ಬೋನ್ಸಾಯ್ ಬುಡದಲ್ಲಿ ಪಾಚಿ ಚಂದ ಉಂಟು ಅಂತ ದುಡ್ಡು ಕೊಡ್ಬೇಡಿ, ಮೊದ್ಲು ಎತ್ತಿ ನೋಡಿ

ಬೋನ್ಸಾಯ್ ತೆಕೊಳ್ಳುವ ಪ್ಲಾನ್ ಇರುವವ್ರು, ಅದ್ರಲ್ಲೂ ಯಾರಿಗಾದ್ರೂ ಗಿಫ್ಟ್ ಕೊಡ್ಲಿಕ್ಕೆ ಅಂತ ಹೊರಟವ್ರು, ದಯವಿಟ್ಟು ಇದನ್ನು ಓದಿ ಆಮೇಲೆ ನರ್ಸರಿಗೆ ಹೋಗಿ. ಟ್ರೇ ತುಂಬಾ ಹಸಿರು ಪಾಚಿ ಉಂಟು ಅಂದ ಕೂಡ್ಲೆ ಅದು ಚೆನ್ನಾಗಿ ಸಾಕಿದ ಗಿಡ ಅಂತ ಲೆಕ್ಕ ಅಲ್ಲ. ಕೆಲವು ಕಡೆ ಆ ಪಾಚಿ ಹಾಸುದೇ ಕೆಳಗೆ ಇರುವ ಅವಸ್ಥೆ ಯಾರಿಗೂ ಕಾಣ್ಬಾರ್ದು ಅಂತ. ಹಾಗೆ ಒಂಬತ್ತು ಸಾವಿರ ರೂಪಾಯಿ ನೀರಲ್ಲಿ ಹೋಮ ಆಯ್ತು ನಮ್ದು.

ವಿಷಯ ಎಂತ ಅಂದ್ರೆ ಉಡುಪಿಯಲ್ಲಿ ನಮ್ಮ ಮಾವನ ಷಷ್ಟ್ಯಬ್ದಿ ಇತ್ತು. ಅವ್ರಿಗೆ ಊರಿನ ಗೋಳಿಮರದ ಕಟ್ಟೆ ಅಂದ್ರೆ ಜೀವ, ಹಾಗಾಗಿ ಒಂದು ಫೈಕಸ್ ಬೋನ್ಸಾಯ್ ಕೊಡುವ ಅಂತ ಮನೆಯವ್ರೆಲ್ಲ ಸೇರಿ ತೀರ್ಮಾನ ಮಾಡಿದ್ದು, ಅದೂ ಗೋಳಿಮರದ್ದೇ ಜಾತಿ ಅಲ್ವಾ. ಮಂಗಳೂರು–ಉಡುಪಿ ಹೈವೇ ಬದಿಯಲ್ಲಿ ಒಂದು ನರ್ಸರಿ, ಹೆಸರು ಹಾಕುದಿಲ್ಲ. ಅಲ್ಲಿ ಈ ಗಿಡ ಇತ್ತು. ದಪ್ಪ ಕಾಂಡ, ಮೇಲೆ ಛತ್ರಿ ಹಾಗೆ ಎಲೆ, ಬಿಳಿ ಸೆರಾಮಿಕ್ ಟ್ರೇ, ಅಂಚಿನಿಂದ ಅಂಚಿಗೆ ಮೆತ್ತಗಿನ ಹಸಿರು ಪಾಚಿ, ಕಾಂಡಕ್ಕೂ ಎರಡು ಬೆರಳು ಮೇಲೆ ತನಕ ಹತ್ತಿಸಿದ್ರು. ಭಾರೀ ಚಂದ, ಸುಳ್ಳು ಹೇಳುದಿಲ್ಲ. "ಮೂವತ್ತು ವರ್ಷದ ಮರ ಸಾರ್" ಅಂದ್ರು ಅಂಗಡಿಯವ್ರು.

ನಾನೂ ಮನೆಯ ಟೆರೇಸಲ್ಲಿ ಸ್ವಲ್ಪ ಗಿಡ ಸಾಕುವವ, ಹಾಗಾಗಿ ಕೇಳಿದೆ, ಅಣ್ಣ, ಒಂದು ಬದಿಯಲ್ಲಿ ಸ್ವಲ್ಪ ಮಾಸ್, ಅಂದ್ರೆ ಪಾಚಿ, ಎತ್ತಿ ತೋರಿಸ್ತೀರಾ, ಮಣ್ಣು ಎಂತದು ನೋಡ್ಬೇಕಿತ್ತು ಅಂತ. ಅವ್ರ ಮುಖವೇ ಬದಲಾಯ್ತು. "ಅಯ್ಯೋ ಮುಟ್ಬೇಡಿ ಸಾರ್, ಮಾಸಿಗೂ ಮರಕ್ಕೂ ಬೇರು ಕೂಡಿದೆ, ಎತ್ತಿದ್ರೆ ಮರಕ್ಕೆ ಶಾಕ್ ಆಗಿ ಎಲೆ ಎಲ್ಲ ಉದುರ್ತದೆ, ಜಪಾನಿನಲ್ಲೂ ಹೀಗೇ ಮಾಡುದು." ಅಷ್ಟು ಹೊತ್ತಿಗೆ ಬಾವ ಗೂಗಲ್ ಪೇ ಮಾಡಿ ಆಗಿತ್ತು, ಕಾರಲ್ಲಿ ಮಕ್ಕಳು ಕೂಗ್ಲಿಕ್ಕೆ ಶುರು ಮಾಡಿದ್ರು, ಹೊರಟೆವು.

ಈ ಬೇರು ಕೂಡಿದೆ ಅನ್ನುವ ಮಾತು ಇನ್ನೂ ಎಷ್ಟು ಜನಕ್ಕೆ ಹೇಳ್ತಾರೋ ಗೊತ್ತಿಲ್ಲ, ಹಾಗಾಗಿ ಸ್ಪಷ್ಟವಾಗಿ ಹೇಳ್ತೇನೆ. ಪಾಚಿಗೆ ನಿಜವಾದ ಬೇರೇ ಇಲ್ಲ. ಕೂದಲಿನ ಹಾಗೆ ಇರುವ ರೈಝಾಯ್ಡ್ ಅಂತ ಉಂಟು, ಅದು ಮುಖ್ಯವಾಗಿ ಹಿಡ್ಕೊಳ್ಳಿಕ್ಕೆ ಮಾತ್ರ. ನೀರು ಕುಡಿಯುದೆಲ್ಲ ಹೆಚ್ಚಿನ ಪಾಚಿಗಳು ಮೈಯಿಂದಲೇ. ಹೂ ಇಲ್ಲ, ಬೀಜ ಇಲ್ಲ, ಸ್ಪೋರ್ ಅಂತ ಧೂಳಿನ ಹಾಗಿರುವ ಕಣ ಹಾರಿ ಹುಟ್ಟುವಂಥದ್ದು. ಒಂದು ತುಂಡು ಎತ್ತಿ ನೋಡಿ ವಾಪಸ್ ಒತ್ತಿದ್ರೆ ಮರಕ್ಕೂ ಎಂತ ಆಗುದಿಲ್ಲ, ಪಾಚಿಗೂ ಎಂತ ಆಗುದಿಲ್ಲ. ಎತ್ತಲಿಕ್ಕೆ ಬಿಡುದಿಲ್ಲ ಅಂದ್ರೆ ಅಲ್ಲಿ ಬೇರೆ ಎಂತದೋ ಉಂಟು ಅಂತಲೇ ಅರ್ಥ.

ಜಪಾನ್ ಕಥೆಯೂ ಅಷ್ಟೇ. ಟೋಕಿಯೋದಲ್ಲಿ 1934ರಿಂದ ನಡೀತಾ ಬಂದ ಕೊಕುಫು ಅಂತ ದೊಡ್ಡ ಬೋನ್ಸಾಯ್ ಪ್ರದರ್ಶನ ಉಂಟು, ಅಲ್ಲಿನ ಮರಗಳಿಗೂ ಪಾಚಿ ಹಾಸ್ತಾರೆ ಹೌದು. ಆದ್ರೆ ಅದು ಪ್ರದರ್ಶನದ ಅಲಂಕಾರ, ಮದುಮಗಳಿಗೆ ಒಡವೆ ಹಾಕಿದ ಹಾಗೆ, ಮುಗಿದ ಮೇಲೆ ಎಷ್ಟೋ ಜನ ತೆಗೆದಿಡ್ತಾರೆ. ಮತ್ತೆ ಮುಖ್ಯ ವಿಷಯ, ಕಾಂಡ ಮಣ್ಣಿಗೆ ಇಳಿಯುವಲ್ಲಿ ಬೇರು ನಾಲ್ಕೂ ದಿಕ್ಕಿಗೆ ಹರಡಿ ಕಾಣುದಲ್ವಾ, ಅವ್ರ ಭಾಷೆಯಲ್ಲಿ ನೆಬಾರಿ, ಬೋನ್ಸಾಯ್ ನೋಡುವವ್ರು ಮೊದಲು ನೋಡುದೇ ಅದನ್ನು. ಪಾಚಿ ಅದ್ರಿಂದ ಆಚೆ ಶುರು ಆಗ್ಬೇಕು. ನೆಬಾರಿಯನ್ನೇ ಮುಚ್ಚಿ ಕಾಂಡಕ್ಕೆ ಪಾಚಿ ಹತ್ತಿಸುದು ಯಾವ ಜಪಾನಿನ ಪದ್ಧತಿಯೂ ಅಲ್ಲ ಮಾರಾಯ್ರೆ.

ಸರಿ, ಮಾವನ ಮನೆ ಸಿಟೌಟಲ್ಲಿ ಗಿಡ ಇಟ್ಟಾಯ್ತು. ಮಾವ ದಿನಾ ಬೆಳಿಗ್ಗೆ ಪೇಪರ್ ಓದುವ ಮೊದಲು ಅದಕ್ಕೆ ನೀರು. ಮೊದಲು ಗೊತ್ತಾದದ್ದು ಅತ್ತೆಗೆ. ಟ್ರೇ ಕೆಳಗೆ ಬಿಳಿ ಟೈಲ್ಸಲ್ಲಿ ಹಸಿರು ಕಲೆ, ಫಿನಾಯಿಲ್ ಹಾಕಿ ಉಜ್ಜಿದ್ರೂ ಮಾರನೇ ದಿನ ಮತ್ತೆ. "ಪಾಚಿ ಕರಗ್ತಾ ಉಂಟಾ ಹೇಗೆ" ಅಂತ ಮಾವ ಫೋನಲ್ಲಿ ಕೇಳಿದಾಗ ನಂಗೆ ಮಂಡೆಬಿಸಿ ಶುರು ಆಯ್ತು, ಯಾಕಂದ್ರೆ ಜೀವ ಇರುವ ಪಾಚಿ ಬಣ್ಣ ಬಿಡುದಿಲ್ಲ. ಬಣ್ಣ ಬಿಡ್ಲಿಕ್ಕೆ ಸಾಧ್ಯ ಇರುದು ಪ್ರಿಸರ್ವ್ಡ್ ಮಾಸ್, ಅಂದ್ರೆ ಗ್ಲಿಸರಿನಲ್ಲಿ ಅದ್ದಿ ಡೈ ಹಾಕಿ ಮಾಡುದು, ಹೋಟೆಲ್, ಆಫೀಸ್ ಗೋಡೆಯಲ್ಲಿ ಹಸಿರಾಗಿ ಕಾಣ್ತದಲ್ಲ ಅದು. ಸತ್ತ ಪಾಚಿ ಅದು, ಗೋಡೆಗೆ ಅಡ್ಡಿಯಿಲ್ಲ, ನೀರು ಬೀಳುವ ಗಿಡದ ಟ್ರೇಗೆ ತಂದು ಹಾಕ್ಬಾರ್ದು.

ಆ ಭಾನುವಾರ ಹೋಗಿ ಜಾಲಲ್ಲಿ ಪೇಪರ್ ಹಾಸಿ ಗಿಡ ಇಟ್ಟು ಪಾಚಿ ಬಿಡಿಸಿದೆ. ಎದುರಿಗೆ ಕಾಣುವಲ್ಲಿ ನಿಜವಾದ ಪಾಚಿ, ಸಂದಿಗಳಲ್ಲಿ ಎಲ್ಲ ಈ ಬಣ್ಣದ್ದು, ಹಿಂಡಿದ್ರೆ ಬೆರಳು ಹಸಿರು. ಅದ್ರ ಕೆಳಗೆ ಒಂದು ಪದರ ಕೋಕೋಪೀಟ್, ಅಂದ್ರೆ ತೆಂಗಿನ ಸಿಪ್ಪೆಯ ಪುಡಿ, ಹಿಂಡಿದ್ರೆ ನೀರು ಸುರೀತದೆ. ಅದ್ರ ಕೆಳಗೆ ಬರೀ ಕೆಂಪು ಜೇಡಿ, ಚಪ್ಪಾತಿ ಹಿಟ್ಟಿನಷ್ಟು ಅಂಟು, ಜಲ್ಲಿ ಇಲ್ಲ, ಮುರಕಲ್ಲಿನ ಚೂರಿಲ್ಲ, ಎಂತದೂ ಇಲ್ಲ. ಟ್ರೇ ಮಗುಚಿ ನೋಡಿದ್ರೆ ಎರಡು ತೂತು ಉಂಟು, ಎರಡಕ್ಕೂ ಒಳಗಿನಿಂದ ಬ್ರೌನ್ ಟೇಪ್ ಹಾಕಿ ಮುಚ್ಚಿದ್ದಾರೆ. ಕೆಸರು ಸೋರಿ ಶೋ ಹಾಳಾಗ್ಬಾರ್ದು ಅಂತ ಇರ್ಬೇಕು. ನೀರೆಲ್ಲ ಒಳಗೇ ನಿಂತು, ಹೆಚ್ಚಾದದ್ದು ಅಂಚಿನಿಂದ ಬಣ್ಣದ ಜೊತೆ ಹೊರಗೆ ಬಂದದ್ದು. ವಾಸನೆ ಅಂತೂ ಚರಂಡಿಯದ್ದೇ.

ಇನ್ನು ಮರ. ಮೂವತ್ತು ವರ್ಷದ್ದಂತೆ! ಅದು ಎಲ್ಲಿಂದಲೋ ಗರಗಸದಲ್ಲಿ ಕೊಯ್ದು ತಂದ ದಪ್ಪ ಗೆಲ್ಲು. ಕೆಳಗೆ ಚಪ್ಪಟೆ ಕೊಯ್ದ ಗಾಯ ಹಾಗೇ ಉಂಟು, ಅದ್ರ ಸುತ್ತ ನೂಲಿನ ಹಾಗೆ ನಾಲ್ಕೈದು ಬೇರು, ಅರ್ಧ ಕಪ್ಪಾಗಿ ಮುಟ್ಟಿದ್ರೆ ಸಿಪ್ಪೆ ಜಾರ್ತದೆ. ಗೆಲ್ಲು ಬೀಳದ ಹಾಗೆ ತಂತಿ ಬಿಗಿದು ಟ್ರೇಗೆ ಕಟ್ಟಿದ್ದಾರೆ. ಎದುರಿಗೆ ದಪ್ಪ ಬೇರು ಅಂತ ಕಾಣ್ತಿದ್ದದ್ದು ಬೇರೆ ಯಾವುದೋ ಕಟ್ಟಿಗೆ ತುಂಡು, ಮೊಳೆ ಹೊಡೆದು ಕೂರಿಸಿದ್ದು, ಮೊಳೆಯ ತಲೆ ಮುಚ್ಚಲಿಕ್ಕೆ ಅಲ್ಲೇ ಪಾಚಿ ಹತ್ತಿಸಿದ್ದು. ಬಾವನಿಗೆ ಮೊಳೆ ತೋರಿಸಿದೆ, ಅವ ಐದು ನಿಮಿಷ ಮಾತಾಡ್ಲಿಲ್ಲ.

ಫೈಕಸ್ ಜಾತಿಯಲ್ಲಿ ಈ ಮೋಸ ಸುಲಭ ಯಾಕಂದ್ರೆ ದಪ್ಪ ಗೆಲ್ಲು ನೆಟ್ರೂ ಅದು ಬೇರು ಬಿಡ್ತದೆ, ಬೇರು ಬರುವ ಮೊದಲೇ ಗೆಲ್ಲಲ್ಲಿ ಇರುವ ಪಸೆಯಲ್ಲೇ ಚಿಗುರ್ತದೆ, ನೋಡುವವ್ರಿಗೆ ಮರ ಜೋರುಂಟು ಅಂತ ಕಾಣ್ತದೆ. ಗೆಲ್ಲು ನೆಡುದು ತಪ್ಪಲ್ಲ, ಎಷ್ಟೋ ಒಳ್ಳೆ ಬೋನ್ಸಾಯ್ ಹಾಗೇ ಶುರು ಆಗುದು, ಆದ್ರೆ ಬೇರು ಕೂತು ಸರಿಯಾದ ಮೇಲೆ ಮಾರ್ಬೇಕು, ಮತ್ತೆ ಅದ್ರ ವಯಸ್ಸು ಅಷ್ಟೇ ಅಂತ ಹೇಳ್ಬೇಕು. ನಮ್ಮ ಕರಾವಳಿಯ ಸೆಕೆಗೆ ಮಳೆಗೆ ನೆಲದಲ್ಲಿರುವ ಫೈಕಸ್ ಎಷ್ಟು ಬೇಗ ದಪ್ಪ ಆಗ್ತದೆ ಅಂತ ಎಲ್ರಿಗೂ ಗೊತ್ತುಂಟು, ಬರೀ ದಪ್ಪ ನೋಡಿ ವಯಸ್ಸು ಹೇಳ್ಲಿಕ್ಕೆ ಆಗುದಿಲ್ಲ.

ಅಂಗಡಿಗೆ ಫೋನ್ ಮಾಡಿದ್ರೆ ಉತ್ತರ ರೆಡಿ. "ನೀವು ನೀರು ಜಾಸ್ತಿ ಹಾಕಿದ್ದೀರಿ." ತೂತಿಗೆ ಟೇಪ್ ಯಾಕೆ ಅಂತ ಕೇಳಿದ್ದಕ್ಕೆ ಅದು ಹುಡುಗ್ರು ಹಾಕಿದ್ದಂತೆ. ಮೊಳೆ? "ಅದು ಡಿಸೈನ್ ಸಾರ್." ಕೊನೆಗೆ ಹೇಳಿದ್ದು ಎಂತ ಗೊತ್ತುಂಟಾ, ಬೇಕಾದ್ರೆ ಹೊಸ ಮಾಸ್ ಶೀಟ್ ನಾಲ್ಕುನೂರಕ್ಕೆ ಕೊಡ್ತೇನೆ, ಹಾಸಿದ್ರೆ ಪುನಃ ಹೊಸದರ ಹಾಗೆ ಕಾಣ್ತದೆ ಅಂತ!

ಇಷ್ಟಾದ್ರೂ ನಾನು ಪಾಚಿಯೇ ಬೇಡ ಅಂತ ಹೇಳುವವ ಅಲ್ಲ. ತೆಳ್ಳಗೆ ಇದ್ರೆ ಒಳ್ಳೇದೇ, ನಮ್ಮ ಊರಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ, ಆ ಹನಿ ಹೊಡೆತಕ್ಕೆ ಟ್ರೇಯ ಮಣ್ಣು ಕೊಚ್ಚಿ ಹೋಗದ ಹಾಗೆ ಹಿಡೀತದೆ, ಬೇಸಗೆಯಲ್ಲಿ ಮೇಲಿನ ಬೇರು ಸುಡದ ಹಾಗೆ ಕಾಯ್ತದೆ. ಕಷ್ಟ ಬರುದು ದಪ್ಪ ಆದಾಗ. ಮೇಲೆ ಹಸಿರು ಕಂಡ್ರೂ ಕೆಳಗೆ ಒಣಗಿರ್ಬಹುದು, ಇಲ್ಲದಿದ್ರೆ ಕೊಳೀತಾ ಇರ್ಬಹುದು, ಎರಡೂ ಗೊತ್ತಾಗುದಿಲ್ಲ. ಪೂರ್ತಿ ಒಣಗಿ ಹಪ್ಪಳ ಆದ ಪಾಚಿ ಮೇಲೆ ನೀರು ಹಾಕಿದ್ರೆ ಅದು ಒಳಗೆ ಇಳಿಯದೆ ಬದಿಯಿಂದ ಹರ್ದು ಹೋಗ್ತದೆ. ತೊಗಟೆಗೆ ಹತ್ತಿದ್ರೆ ಅಲ್ಲಿ ಯಾವಾಗ್ಲೂ ಪಸೆ, ತೊಗಟೆ ಕೊಳೀತದೆ, ಬಿಳಿ ಹಿಟ್ಟು ಹುಳ ಅಡಗಿ ಕೂರ್ತದೆ. ಕಾಂಡಕ್ಕೆ ಹತ್ತಿದ್ದನ್ನು ಹಳೇ ಟೂತ್‌ಬ್ರಷಲ್ಲಿ ಮೆಲ್ಲ ಉಜ್ಜಿ ತೆಗೀಬೇಕು.

ತೆಕೊಳ್ಳುವಾಗ ನೀವು ಎಂತ ಮಾಡ್ಬೇಕು ಅಂದ್ರೆ, ಮೊದಲು ಕಾಂಡ ಹಿಡಿದು ಮೆಲ್ಲ ಅಲ್ಲಾಡಿಸಿ, ಬುಡ ಮಣ್ಣಿನ ಜೊತೆ ಗಟ್ಟಿ ನಿಲ್ಬೇಕು, ಸಡಿಲ ಹೂತ ಕಂಬದ ಹಾಗೆ ಮಣ್ಣು ಬಿಟ್ಟು ಕಾಂಡ ಮಾತ್ರ ಆಡಿದ್ರೆ ಬೇರಿಲ್ಲ ಅಂತ ಲೆಕ್ಕ. ಟ್ರೇ ಎತ್ತಿ ಕೆಳಗಿನ ತೂತು ನೋಡಿ, ಬೆಳಕು ಕಾಣದಿದ್ರೂ ಮಣ್ಣು ಸೋರದ ಹಾಗೆ ತೂತಿಗೆ ಹಾಕುವ ಬಲೆ ಆದ್ರೂ ಕಾಣ್ಬೇಕು. ಅಲ್ಲೇ ಮೂಸಿ ನೋಡಿ, ನಾಚಿಕೆ ಎಂತದು ಒಂಬತ್ತು ಸಾವಿರ ಕೊಡುವಾಗ. ಬಿಳಿ ಟಿಶ್ಯೂ ಒದ್ದೆ ಮಾಡಿ ಪಾಚಿಗೆ ಒತ್ತಿ, ಹಸಿರು ಹತ್ತಿದ್ರೆ ಡೈ. ಕಾಂಡದ ಬುಡದಲ್ಲಿ ಪಾಚಿ ಎತ್ತಿ ತೋರಿಸಿ ಅಂತ ಹಠ ಮಾಡಿ. ಮತ್ತೆ ಜೇಡ್, ಅಡೇನಿಯಂ ತರದ ನೀರು ತುಂಬಿಕೊಳ್ಳುವ ಗಿಡಕ್ಕೆ ಟ್ರೇ ತುಂಬಾ ಪಾಚಿ ಹಾಸಿ ಇಟ್ಟಿದ್ರೆ ಆ ಅಂಗಡಿಯಿಂದಲೇ ಹೊರಗೆ ಬನ್ನಿ. ಅದಕ್ಕೆ ಬೇಕಾದದ್ದು ಒಣ ಮಣ್ಣು, ಪಾಚಿಗೆ ಬೇಕಾದದ್ದು ಪಸೆ, ಎರಡೂ ಒಂದೇ ಟ್ರೇಯಲ್ಲಿ ಬಾಳುದಿಲ್ಲ.

ಪಾಚಿ ಬೇಕೇ ಬೇಕು ಅಂತಿದ್ರೆ ದುಡ್ಡು ಕೊಟ್ಟು ತರುವ ಅಗತ್ಯವೇ ಇಲ್ಲ ಈ ಊರಲ್ಲಿ, ಜೋರು ಮಳೆಯ ಆಟಿ ತಿಂಗಳಲ್ಲಿ ಯಾವ ಮುರಕಲ್ಲು ಕಂಪೌಂಡ್ ನೋಡಿದ್ರೂ ಅದೇ. ಬಿಸಿಲು ಬೀಳುವ ಗೋಡೆಯದ್ದೇ ತೆಗೀರಿ, ಪುಟ್ಟಿ ಹಾಕುವ ಪಟ್ಟಿಯಲ್ಲಿ ತೆಳ್ಳಗೆ ಕೆರೆದು, ಒಣಗಿಸಿ, ಕೈಯಲ್ಲಿ ಪುಡಿ ಮಾಡಿ ಮಣ್ಣಿನ ಮೇಲೆ ಉದುರಿಸಿ ನೀರು ಸ್ಪ್ರೇ ಮಾಡ್ತಾ ಇದ್ರೆ ತಾನಾಗಿ ಬರ್ತದೆ. ಕಾಂಡದಿಂದ ಒಂದೆರಡು ಬೆರಳು ಜಾಗ ಬಿಡ್ಲೇಬೇಕು. ಮಜ್ಜಿಗೆ ಹಚ್ಚಿದ್ರೆ ಬೇಗ ಬರ್ತದೆ ಅಂತ ವೀಡಿಯೋ ನೋಡಿ ಮಾಡಿದವ್ರು ನಮ್ಮಲ್ಲೇ ಇದ್ದಾರೆ, ಬಂದದ್ದು ಇರುವೆ ಮತ್ತೆ ವಾಸನೆ. ಆಗುಂಬೆ, ಕುದುರೆಮುಖ ಕಡೆ ಟೂರ್ ಹೋದಾಗ ಕಾಡಿನ ಪಾಚಿ ಎಬ್ಬಿಸಿ ತರುವವ್ರೂ ಇದ್ದಾರೆ. ದಯವಿಟ್ಟು ಬೇಡ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದಿಂದ ಹಾಗೆ ಕಿತ್ತು ತರುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಮೇಲಾಗಿ ಘಟ್ಟದ ತಂಪಿನ ಪಾಚಿ ನಮ್ಮ ಎಪ್ರಿಲ್ ಸೆಕೆಯಲ್ಲಿ ಹೇಗೂ ಬದುಕುದಿಲ್ಲ. ಗೋಡೆಯದ್ದಾದ್ರೆ ಬೇಸಗೆಯಲ್ಲಿ ಕಂದು ಆಗಿ ಸತ್ತ ಹಾಗೆ ಕಂಡ್ರೂ ಮಳೆ ಬಿದ್ರೆ ಮತ್ತೆ ಹಸಿರಾಗ್ತದೆ, ಎಸೀಬೇಡಿ.

ಮಾವನ ಗೆಲ್ಲು ಈಗ ನಮ್ಮ ಟೆರೇಸಲ್ಲಿ ಉಂಟು. ಕೊಳೆತ ಭಾಗ ಕೊಯ್ದು, ಮರಳು ಮತ್ತೆ ಮುರಕಲ್ಲಿನ ಚೂರು ಹಾಕಿ ಮಾಮೂಲಿ ಮಣ್ಣಿನ ಚಟ್ಟಿಯಲ್ಲಿ ನೆಟ್ಟಿದ್ದೇನೆ, ಉಗುರಲ್ಲಿ ಕೆರೆದ್ರೆ ಮೇಲೆ ಇನ್ನೂ ಹಸಿರುಂಟು, ಕೆಳಗೆ ಒಂದು ಬದಿ ಪೂರ್ತಿ ಕಂದು. ನೋಡುವ. ಮಾವನಿಗೆ ಬೇರೆ ಒಂದು ಚಿಕ್ಕ ಗಿಡ ಕೊಟ್ಟಾಯ್ತು, ಅವ್ರು ಪಾಪ ಅದಕ್ಕೂ ಹೆದರಿ ಹೆದರಿ ನೀರು ಹಾಕ್ತಾರೆ.

ದುಡ್ಡು ವಾಪಸ್ ಬರ್ಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುವ ಅಂತ ಬಿಲ್ ತೆಗೆದು ನೋಡಿದ್ರೆ ಅದ್ರಲ್ಲಿ ಬರೆದದ್ದು ಇಷ್ಟೇ, "ಪ್ಲಾಂಟ್ – 1, ಪಾಟ್ – 1". ಮೂವತ್ತು ವರ್ಷ ಅಂತಲೂ ಇಲ್ಲ, ಬೋನ್ಸಾಯ್ ಅಂತಲೂ ಇಲ್ಲ. ಹಾಗಾಗಿ ನೀವು ತೆಕೊಳ್ಳುವಾಗ ಬಾಯಲ್ಲಿ ಹೇಳಿದ್ದನ್ನೆಲ್ಲ, ಗಿಡದ ಜಾತಿ, ವಯಸ್ಸು, ಟ್ರೇಗೆ ಹಾಕಿ ಎಷ್ಟು ತಿಂಗಳಾಯ್ತು, ಎಲ್ಲ ಬಿಲ್ಲಲ್ಲೇ ಬರೆಸಿ ಸೈನ್ ಹಾಕಿಸ್ಕೊಳ್ಳಿ. ಬರೀಲಿಕ್ಕೆ ಆಗುದಿಲ್ಲ ಅಂದ್ರೆ ದುಡ್ಡು ಜೇಬಲ್ಲೇ ಇರ್ಲಿ.